ನೋವು ಕೈಯಲ್ಲಿ, ಕಾಯಿಲೆ ಹೃದಯದಲ್ಲಿ: ಒಳಗಿನ ಅಂಗ, ಬೆನ್ನುಹುರಿಯ ನರ, ಚರ್ಮದ ರಕ್ತನಾಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ದೇಹದ ಒಳಗೆ ಏನಾದರೂ ಕೆಟ್ಟರೆ ಅದರ ಸುದ್ದಿ ಬಹಳ ಸಲ ಚರ್ಮದಲ್ಲಿ ಕಾಣಿಸುತ್ತದೆ. ನೋವು, ಜೋಮು, ತಣ್ಣನೆ ಬೆವರು, ಬಣ್ಣದ ಬದಲಾವಣೆ, ಹೀಗೆ. ಆದರೆ ಅದು ಕಾಣಿಸುವ ಜಾಗಕ್ಕೂ ಕಾಯಿಲೆ ಇರುವ ಜಾಗಕ್ಕೂ ಒಂದು ಗೇಣಿಗೂ ಹೆಚ್ಚು ದೂರ ಇರಬಹುದು. ಈ ಗೊಂದಲದಿಂದ ಎಷ್ಟೋ ಜನ ಆಸ್ಪತ್ರೆಗೆ ತಡವಾಗಿ ಬರುತ್ತಾರೆ. ಅದಕ್ಕಾಗಿಯೇ ಈ ಪುಟ. ಓದುತ್ತಿರುವವರಿಗೆ ಈಗಲೇ ಎದೆ ಹಿಂಡಿದಂತಾಗಿ ಬೆವರು ಬರುತ್ತಿದ್ದರೆ ಓದು ನಿಲ್ಲಿಸಿ, 108ಕ್ಕೆ ಫೋನ್ ಮಾಡಿ.

ಹೃದಯಕ್ಕೆ ತೊಂದರೆಯಾದರೆ ಎಡಗೈ ಯಾಕೆ ನೋಯುತ್ತದೆ?

ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ. ಕುತ್ತಿಗೆ ಭಾಗದಲ್ಲಿ 8, ಎದೆ ಭಾಗದಲ್ಲಿ 12, ಸೊಂಟದಲ್ಲಿ 5, ಅದರ ಕೆಳಗೆ 5, ಬಾಲದ ಮೂಳೆ ಹತ್ತಿರ 1. ಕುತ್ತಿಗೆಯ ಮೊದಲನೆಯದನ್ನು ಬಿಟ್ಟರೆ ಉಳಿದ ಒಂದೊಂದಕ್ಕೂ ಚರ್ಮದ ಮೇಲೆ ಒಂದೊಂದು ಪಟ್ಟಿ ಇದೆ, ಆ ಜಾಗದ ಸುದ್ದಿ ತರುವುದು ಆ ನರ. ಮೊಲೆತೊಟ್ಟಿನ ಮಟ್ಟದ ಪಟ್ಟಿ ಎದೆಯ 4ನೇ ನರದ್ದು. ಹೊಕ್ಕಳಿನ ಪಟ್ಟಿ 10ನೆಯದರದ್ದು. ತೋಳಿನ ಒಳಬದಿ ಎದೆಯ 1 ಮತ್ತು 2ನೇ ನರಗಳಿಗೆ ಸೇರಿದ್ದು.

ಈಗ ಹೃದಯಕ್ಕೆ ಬನ್ನಿ. ಹೃದಯದಿಂದ ನೋವಿನ ಸುದ್ದಿ ಹೊತ್ತು ತರುವ ಎಳೆಗಳು ಬೆನ್ನುಹುರಿಗೆ ಸೇರುವುದು ಹೆಚ್ಚಾಗಿ ಇದೇ ಎದೆಯ ಮೇಲಿನ ಮಟ್ಟಗಳಲ್ಲಿ, ಸುಮಾರು 1ರಿಂದ 5ರವರೆಗೆ. ಅಲ್ಲಿ ತೋಳಿನ ಚರ್ಮದ ಎಳೆಗಳು ಮತ್ತು ಹೃದಯದ ಎಳೆಗಳು ಒಂದೇ ನರಕೋಶಕ್ಕೆ ಬಂದು ಮುಟ್ಟುತ್ತವೆ. ಅಲ್ಲಿಂದ ಮಿದುಳಿಗೆ ಹೋಗುವ ದಾರಿ ಇಬ್ಬರಿಗೂ ಒಂದೇ. ಮಿದುಳಿಗೆ ತೋಳಿನಿಂದ ದಿನಾ ಸುದ್ದಿ ಬಂದು ಅಭ್ಯಾಸ. ಹೃದಯದಿಂದ ನೋವಿನ ಸುದ್ದಿ ಬರುವುದು ಬಹಳ ಅಪರೂಪ. ವಿಳಾಸ ಅಳಿಸಿಹೋದ ಕಾಗದವನ್ನು ಪೋಸ್ಟ್‌ಮನ್ ದಿನಾ ಕಾಗದ ಬರುವ ಮನೆಗೇ ಕೊಟ್ಟು ಹೋಗುವ ಹಾಗೆ, ಮಿದುಳು ಆ ನೋವನ್ನು ತೋಳಿನ ಲೆಕ್ಕಕ್ಕೆ ಬರೆಯುತ್ತದೆ.

ಎಡಗೈ ಮಾತ್ರ ಅಂತಿಲ್ಲ. ಎರಡೂ ಕೈ, ಬಲಗೈ ಒಂದೇ, ಕುತ್ತಿಗೆ, ಕೆಳದವಡೆ, ಎರಡು ರೆಕ್ಕೆ ಮೂಳೆಗಳ ನಡುವೆ, ಹೊಟ್ಟೆಯ ಮೇಲ್ಭಾಗ, ಎಲ್ಲಿ ಬೇಕಾದರೂ ಬರಬಹುದು. ಹಲ್ಲುನೋವು ಅಂತ ದಂತವೈದ್ಯರ ಹತ್ತಿರ ಹೋದವರಿಗೆ ಹೃದಯದ ತೊಂದರೆ ಇದ್ದದ್ದು ಗೊತ್ತಾಗುವುದೂ ಉಂಟು. ನಡೆದಾಗ, ಮೆಟ್ಟಿಲು ಹತ್ತಿದಾಗ ದವಡೆ ನೋಯ್ದು, ಕೂತರೆ ಕಡಿಮೆಯಾಗುತ್ತದೆ ಅಂದರೆ ಅದು ಹಲ್ಲಿನ ನೋವಿನ ಲಕ್ಷಣ ಅಲ್ಲವೇ ಅಲ್ಲ.

ಇದು ಗ್ಯಾಸೋ, ಹಾರ್ಟ್ ಅಟ್ಯಾಕೋ ಮನೆಯಲ್ಲೇ ಕಂಡುಹಿಡಿಯೋದು ಹೇಗೆ?

ಕಂಡುಹಿಡಿಯಲು ಆಗುವುದಿಲ್ಲ. ಇಸಿಜಿ ಮತ್ತು ರಕ್ತಪರೀಕ್ಷೆ ಇಲ್ಲದೆ ವೈದ್ಯರಿಗೂ ಆಗುವುದಿಲ್ಲ. ಅನ್ನನಾಳದ ಎಳೆಗಳೂ ಹೃದಯದ ಎಳೆಗಳೂ ಬೆನ್ನುಹುರಿಯ ಹೆಚ್ಚುಕಡಿಮೆ ಒಂದೇ ಮಟ್ಟಗಳಿಗೆ ಸೇರುವುದರಿಂದ ಎದೆಉರಿಯೂ ಹೃದಯದ ನೋವೂ ಒಂದೇ ಜಾಗದಲ್ಲಿ, ಒಂದೇ ಥರ ಅನಿಸಬಹುದು. ಹೃದಯದ ಕೆಳಭಾಗಕ್ಕೆ ರಕ್ತ ಹೋಗುವುದು ನಿಂತರೆ ವಾಂತಿ, ತೇಗು, ಹೊಟ್ಟೆ ಉಬ್ಬರವೂ ಬರುತ್ತದೆ. ತೇಗು ಬಂದು ಹಗುರಾಯಿತು ಅಂದ ಮಾತ್ರಕ್ಕೆ ಹೃದಯ ಸರಿಯಿದೆ ಅಂತ ಅರ್ಥ ಅಲ್ಲ.

ನಮ್ಮ ಮನೆಗಳಲ್ಲಿ ಏನಾಗುತ್ತದೆ? ರಾತ್ರಿ ಎದೆ ಹಿಡಿಯುತ್ತದೆ. ಗ್ಯಾಸ್ ಇರಬೇಕು ಅಂತ ಜೀರಿಗೆ ನೀರು ಕುಡಿಯುತ್ತಾರೆ. ಆಮೇಲೆ ಸೋಡಾ. ಆಮೇಲೆ ಮಾತ್ರೆ. ಬೆಳಗಾಗಲಿ ನೋಡೋಣ ಅಂತ ಮಲಗುತ್ತಾರೆ. ಈ ಕೆಲವು ಗಂಟೆಗಳಲ್ಲಿ ರಕ್ತ ಸಿಗದ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ. ಸತ್ತದ್ದು ಮತ್ತೆ ಬೆಳೆಯುವುದಿಲ್ಲ. ಸುಮ್ನೆ ಇಸಿಜಿ ತೆಗೆಸಿ ಏನೂ ಇಲ್ಲ ಅಂತ ವಾಪಸ್ ಬಂದರೆ ನಾಚಿಕೆಪಡುವಂಥದ್ದು ಏನೂ ಇಲ್ಲ. ದಯವಿಟ್ಟು ಹೋಗಿ.

ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಬೇಕಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇದೆ ಅಂತ ಈಗಲೇ ವಿಚಾರಿಸಿಟ್ಟುಕೊಳ್ಳಿ. ರಾತ್ರಿ ಎರಡು ಗಂಟೆಗೆ ಹುಡುಕುವ ಹಾಗೆ ಆಗಬಾರದು.

ಇಂಥ ನೋವಿನ ನಕ್ಷೆ ಇದೆ ಅಂತ ಗೊತ್ತಾಗಿದ್ದು ಹೇಗೆ?

1889ರಲ್ಲಿ ರಷ್ಯಾದ ವೈದ್ಯ ಗ್ರಿಗರಿ ಜಖಾರಿನ್ ಇದನ್ನು ಗಮನಿಸಿ ಬರೆದರು. 1893ರಲ್ಲಿ ಲಂಡನ್ನಿನ ಹೆನ್ರಿ ಹೆಡ್ ವಿವರವಾಗಿ ಪ್ರಕಟಿಸಿದರು. ಅದೇ ಕಾಲದಲ್ಲಿ ಜೇಮ್ಸ್ ಮೆಕೆಂಜಿ ಕೂಡ ಇದೇ ಹಾದಿಯಲ್ಲಿದ್ದರು. ಅವರು ದೊಡ್ಡ ಆಸ್ಪತ್ರೆಯವರಲ್ಲ, ಬರ್ನ್ಲಿ ಅನ್ನುವ ಗಿರಣಿ ಊರಿನಲ್ಲಿ ಮನೆಮನೆಗೆ ಹೋಗುವ ಡಾಕ್ಟರು. ಒಬ್ಬನೇ ರೋಗಿಯನ್ನು ವರ್ಷಗಟ್ಟಲೆ ನೋಡುವ ಅವಕಾಶ ಅಂಥವರಿಗೇ ಸಿಗುವುದು.

ಹೆಡ್ ಮಾಡಿದ್ದು ಸರಳ ಕೆಲಸ. ಹೊಟ್ಟೆ, ಎದೆಯ ಕಾಯಿಲೆ ಇದ್ದವರ ಚರ್ಮವನ್ನು ಮೆಲ್ಲಗೆ ಚಿವುಟಿ, ಗುಂಡುಪಿನ್ನಿನ ತಲೆಯಿಂದ ಒತ್ತಿ ನೋಡಿದರು. ಬೇರೆ ಕಡೆ ಏನೂ ಅನಿಸದ ಮುಟ್ಟುವಿಕೆ ಕೆಲವು ಪಟ್ಟಿಗಳಲ್ಲಿ ಮಾತ್ರ ನೋವಾಗುತ್ತಿತ್ತು. ಯಾವ ಅಂಗದ ಕಾಯಿಲೆಗೆ ಯಾವ ಪಟ್ಟಿ ಅಂತ ಗುರುತು ಹಾಕುತ್ತಾ ಹೋದರು. ಆಮೇಲೆ ಅವರಿಗೆ ಒಂದು ವಿಷಯ ಹೊಳೆಯಿತು. ಸರ್ಪಸುತ್ತಿನ ಗುಳ್ಳೆಗಳು ಏಳುವ ಪಟ್ಟಿಗಳೂ ಇವೇ ಆಗಿದ್ದವು! 1900ರಲ್ಲಿ ಅವರು ಕ್ಯಾಂಬೆಲ್ ಅನ್ನುವ ವೈದ್ಯರ ಜೊತೆ ಸೇರಿ, ಸರ್ಪಸುತ್ತು ಬಂದು ಬೇರೆ ಬೇರೆ ಕಾರಣಕ್ಕೆ ತೀರಿಕೊಂಡವರ ಬೆನ್ನುಹುರಿ ಪಕ್ಕದ ನರದ ಗಂಟುಗಳನ್ನು ಪರೀಕ್ಷಿಸಿದರು. ಯಾವ ಪಟ್ಟಿಯಲ್ಲಿ ಗುಳ್ಳೆ ಇತ್ತೋ ಅದೇ ನರದ ಗಂಟು ಹಾಳಾಗಿತ್ತು. ಇದು ಊಹೆಗೆ ಸಿಕ್ಕಿದ ಗಟ್ಟಿ ಸಾಕ್ಷಿ. 1903ರಲ್ಲಂತೂ ತಮ್ಮ ಕೈಯ ನರವನ್ನೇ ಕತ್ತರಿಸಿಕೊಂಡು, ಸ್ಪರ್ಶ ಹೇಗೆ ವಾಪಸ್ ಬರುತ್ತದೆ ಅಂತ ಗೆಳೆಯ ರಿವರ್ಸ್ ಜೊತೆ ವರ್ಷಗಳ ಕಾಲ ಬರೆದಿಟ್ಟರು.

ಚರ್ಮದ ಪಟ್ಟಿಗಳ ಈ ನಕ್ಷೆ ಇವತ್ತಿಗೂ ದಿನಾ ಬಳಕೆಯಲ್ಲಿದೆ. ಅಂಗಗಳ ವಿಷಯದಲ್ಲಿ ಮಾತ್ರ ಅದು ಅಂದಾಜು ಹೇಳುತ್ತದೆ, ತೀರ್ಪು ಕೊಡುವುದಿಲ್ಲ. ಕಾಯಿಲೆ ಯಾವುದು ಅಂತ ನಿರ್ಧರಿಸಲು ಸ್ಕ್ಯಾನ್, ರಕ್ತಪರೀಕ್ಷೆ ಬೇಕೇ ಬೇಕು.

ಅಪೆಂಡಿಕ್ಸ್ ಬಲಗಡೆ ಇದೆ ಅಂತಾರೆ. ಮತ್ತೆ ಹೊಕ್ಕಳ ಸುತ್ತ ಯಾಕೆ ನೋವು ಶುರುವಾಗುತ್ತದೆ?

ಅಪೆಂಡಿಕ್ಸಿನ ಸುದ್ದಿ ಎದೆಯ 10ನೇ ಮಟ್ಟಕ್ಕೆ ಹೋಗುತ್ತದೆ. ಹೊಕ್ಕಳೂ ಅದೇ ಮಟ್ಟದ್ದು. ಹಾಗಾಗಿ ಮೊದಲು ಹೊಕ್ಕಳ ಸುತ್ತ ಮಬ್ಬು ಮಬ್ಬು ನೋವು, ಹೊಟ್ಟೆ ತೊಳಸುವುದು. ಬೆರಳಿಟ್ಟು ತೋರಿಸಿ ಅಂದರೆ ತೋರಿಸಲು ಆಗುವುದಿಲ್ಲ, ಅಂಗೈ ಆಡಿಸಿ ತೋರಿಸುತ್ತಾರೆ. ಕೆಲವು ಗಂಟೆ ಕಳೆದು ಬಾವು ಹೆಚ್ಚಿ ಹೊಟ್ಟೆಯ ಒಳಗೋಡೆಗೆ ತಾಗುತ್ತದೆ. ಆ ಗೋಡೆಗೆ ಚರ್ಮದ ಹಾಗೆಯೇ ನಿಖರವಾದ ನರಗಳಿವೆ. ಆಗ ನೋವು ಬಲಗಡೆ ಕೆಳಹೊಟ್ಟೆಗೆ ಇಳಿದು, ಒಂದೇ ಬೆರಳಿನಲ್ಲಿ ತೋರಿಸುವ ಹಾಗೆ ಆಗುತ್ತದೆ. ಕೆಮ್ಮಿದರೆ, ಆಟೋ ಹಳ್ಳಕ್ಕೆ ಬಿದ್ದು ಕುಲುಕಿದರೆ ಜೀವ ಹೋಗುವಷ್ಟು ನೋವು.

ನೋವು ಜಾಗ ಬದಲಿಸಿತು ಅನ್ನುವುದೇ ಇಲ್ಲಿ ಮುಖ್ಯ ಸುಳಿವು. ಡಾಕ್ಟರಿಗೆ ಈಗ ಎಲ್ಲಿದೆ ಅಂತ ಮಾತ್ರ ಹೇಳಬೇಡಿ, ಮೊದಲು ಎಲ್ಲಿತ್ತು ಅಂತಲೂ ಹೇಳಿ.

ಇನ್ನೊಂದು ವಿಚಿತ್ರ: ಕರುಳನ್ನು ಕತ್ತರಿಸಿದರೂ ಸುಟ್ಟರೂ ಅದಕ್ಕೆ ನೋವು ಗೊತ್ತಾಗುವುದಿಲ್ಲ. ಉಬ್ಬಿ ಎಳೆದರೆ, ರಕ್ತ ಸಿಗದಿದ್ದರೆ, ಬಾವು ಬಂದರೆ ಮಾತ್ರ ವಿಪರೀತ ನೋವು. ಒಳಗಿನ ಅಂಗಗಳು ಚರ್ಮದ ಥರ ನೋವು ಹೇಳುವುದಿಲ್ಲ.

ಹೆಗಲು ನೋವಿಗೂ ಹೊಟ್ಟೆಯೊಳಗಿನ ಕಾಯಿಲೆಗೂ ಏನು ಸಂಬಂಧ?

ಎದೆ ಮತ್ತು ಹೊಟ್ಟೆಯ ನಡುವೆ ವಪೆ ಅನ್ನುವ ಸ್ನಾಯುವಿನ ಪರದೆ ಇದೆ. ಉಸಿರಾಟ ನಡೆಸುವುದು ಅದೇ. ಗರ್ಭದಲ್ಲಿ ಮಗು ಬೆಳೆಯುವಾಗ ವಪೆ ರೂಪುಗೊಳ್ಳಲು ಶುರುವಾಗುವುದು ಕುತ್ತಿಗೆಯ ಮಟ್ಟದಲ್ಲಿ. ಆಮೇಲೆ ಕೆಳಗೆ ಇಳಿಯುತ್ತದೆ. ಇಳಿಯುವಾಗ ಕುತ್ತಿಗೆಯ 3, 4, 5ನೇ ನರಗಳನ್ನೂ ತನ್ನ ಜೊತೆ ಎಳೆದುಕೊಂಡು ಬರುತ್ತದೆ. ಹೆಗಲ ತುದಿಯ ಚರ್ಮದ ನರಗಳೂ ಅದೇ ಮಟ್ಟದವು. ವಪೆಗೆ ಕೆಳಗಿನಿಂದ ಏನಾದರೂ ತಾಗಿದರೆ ಹೆಗಲು ನೋಯುವುದು ಇದರಿಂದ.

ಲ್ಯಾಪರೊಸ್ಕೋಪಿ, ಅಂದರೆ ಸಣ್ಣ ತೂತು ಮಾಡಿ ಮಾಡುವ ಆಪರೇಷನ್, ಮಾಡಿಸಿಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ಹೊಟ್ಟೆಯಲ್ಲಿ ಆಪರೇಷನ್, ಮರುದಿನ ಹೆಗಲು ನೋವು. ಹೊಟ್ಟೆ ಉಬ್ಬಿಸಲು ತುಂಬಿದ ಕಾರ್ಬನ್ ಡೈಆಕ್ಸೈಡ್ ವಪೆಯನ್ನು ಕೆಣಕಿದ್ದೇ ಕಾರಣ. ಕೆಲವು ದಿನಗಳಲ್ಲಿ ತಾನಾಗಿ ಹೋಗುತ್ತದೆ, ಹೆದರಬೇಕಿಲ್ಲ.

ಹೆದರಬೇಕಾದ್ದು ಬೇರೆ ಇದೆ. ಬೈಕಿನಿಂದ ಬಿದ್ದು ಎಡಪಕ್ಕೆಗೆ ಪೆಟ್ಟು ಬಿದ್ದವರಿಗೆ ಎಡ ಹೆಗಲ ತುದಿ ನೋಯತೊಡಗಿದರೆ ಗುಲ್ಮ (ಸ್ಪ್ಲೀನ್) ಒಡೆದು ಒಳಗೆ ರಕ್ತ ಸೋರುತ್ತಿರಬಹುದು. ಮುಟ್ಟು ತಪ್ಪಿದ ಹೆಣ್ಣುಮಗಳಿಗೆ ಹೊಟ್ಟೆನೋವು, ತಲೆಸುತ್ತು, ಜೊತೆಗೆ ಹೆಗಲ ತುದಿಯಲ್ಲಿ ನೋವು ಬಂದರೆ ಗರ್ಭಕೋಶದ ಹೊರಗೆ ನಿಂತ ಗರ್ಭ ಒಡೆದಿರಬಹುದು. ಎರಡರಲ್ಲೂ ಹೆಗಲಿಗೆ ಮುಲಾಮು ಹಚ್ಚುತ್ತಾ ಕೂತರೆ ಜೀವಕ್ಕೇ ಅಪಾಯ. ಈ ಒಂದು ಉತ್ತರವನ್ನಾದರೂ ಮನೆಯವರಿಗೆಲ್ಲ ಓದಿ ಹೇಳಿ ಅಂತ ನನ್ನ ಕೋರಿಕೆ.

ಪಿತ್ತಕೋಶದ ಕಲ್ಲಿನ ನೋವು ಪಕ್ಕೆಲುಬಿನ ಕೆಳಗೆ ಬಲಗಡೆ ಶುರುವಾಗಿ ಬಲ ರೆಕ್ಕೆ ಮೂಳೆಯ ತುದಿಗೆ ಹೋಗುತ್ತದೆ. ಬಾವು ವಪೆಗೆ ತಾಗಿದರೆ ಬಲ ಹೆಗಲಿಗೂ ಬರಬಹುದು.

ಹುಡುಗರಲ್ಲಿ ಕೆಳಹೊಟ್ಟೆ ನೋವು ಬಂದಾಗ ಏನು ನೋಡಬೇಕು?

ವೃಷಣ ಗರ್ಭದಲ್ಲಿ ರೂಪುಗೊಳ್ಳುವುದು ಹೊಟ್ಟೆಯೊಳಗೆ. ಅದರ ನರದ ನಂಟು ಹೊಟ್ಟೆಯ ಮಟ್ಟದಲ್ಲೇ ಉಳಿದುಕೊಂಡಿರುತ್ತದೆ. ವೃಷಣ ತಿರುಚಿಕೊಂಡರೆ ಕೆಲವು ಹುಡುಗರು ಹೇಳುವುದು ಹೊಟ್ಟೆನೋವು, ವಾಂತಿ ಅಂತ ಮಾತ್ರ. ನಾಚಿಕೆಗೆ ಉಳಿದದ್ದನ್ನು ಹೇಳುವುದಿಲ್ಲ. ಸುಮಾರು 6 ಗಂಟೆಯೊಳಗೆ ಆಪರೇಷನ್ ಆದರೆ ವೃಷಣ ಉಳಿಯುವ ಸಂಭವ ಜಾಸ್ತಿ. ಹದಿಹರೆಯದ ಮಗನಿಗೆ ಇದ್ದಕ್ಕಿದ್ದಂತೆ ಕೆಳಹೊಟ್ಟೆ ನೋವು ಬಂದರೆ ನೇರವಾಗಿ ಕೇಳಿ: ಕೆಳಗೆ ನೋವಿದೆಯಾ, ಊತ ಇದೆಯಾ?

ಕಿಡ್ನಿ ಕಲ್ಲಿನ ದಾರಿ ಇದಕ್ಕೆ ತಿರುಗುಮುರುಗು. ಸೊಂಟದ ಪಕ್ಕದಲ್ಲಿ ಹುಟ್ಟಿದ ನೋವು ಕಲ್ಲು ಕೆಳಗಿಳಿದ ಹಾಗೆ ತೊಡೆಸಂದಿಗೆ, ವೃಷಣಕ್ಕೆ ಅಥವಾ ಯೋನಿಯ ಅಂಚಿಗೆ ಇಳಿಯುತ್ತದೆ.

ಸರ್ಪಸುತ್ತು ಪೂರ್ತಿ ಸುತ್ತು ಬಂದು ಹೆಡೆ ಬಾಲ ಕೂಡಿದರೆ ಸಾವು ಅಂತಾರೆ. ನಿಜವಾ?

ಇಲ್ಲ. ಯಾಕೆ ಸುತ್ತು ಪೂರ್ತಿ ಆಗುವುದಿಲ್ಲ ಅನ್ನುವುದನ್ನು ಬೆನ್ನುಹುರಿಯ ನರವೇ ಹೇಳುತ್ತದೆ. ಚಿಕ್ಕಂದಿನಲ್ಲಿ ಚಿಕನ್ ಪಾಕ್ಸ್ ತಂದ ವೈರಸ್ಸೇ ಇದು. ಕಾಯಿಲೆ ವಾಸಿಯಾದ ಮೇಲೂ ಬೆನ್ನುಹುರಿ ಪಕ್ಕದ ನರದ ಗಂಟಿನಲ್ಲಿ ಅಡಗಿ ಕೂರುತ್ತದೆ. ವಯಸ್ಸಾದಾಗ ಅಥವಾ ರೋಗ ತಡೆಯುವ ಶಕ್ತಿ ಕುಗ್ಗಿದಾಗ ಒಂದು ಗಂಟಿನಿಂದ ಎದ್ದು, ಆ ಒಂದು ನರದ ಹಾದಿಯಲ್ಲಿ ಚರ್ಮಕ್ಕೆ ಬರುತ್ತದೆ. ಎಡಗಡೆಯ ನರ ಎಡಗಡೆಗೆ ಮಾತ್ರ, ಬಲಗಡೆಯದು ಬಲಗಡೆಗೆ ಮಾತ್ರ. ಹಾಗಾಗಿ ಗುಳ್ಳೆಗಳ ಪಟ್ಟಿ ಮೈಯ ನಡುಗೆರೆಗೆ ಬಂದು ನಿಲ್ಲುತ್ತದೆ. ಎರಡೂ ಕಡೆ ಬರುವುದು ತೀರಾ ಅಪರೂಪ. ಬಂದರೂ ಅದು ಸಾವಿನ ಸೂಚನೆ ಅಲ್ಲ, ರೋಗನಿರೋಧಕ ಶಕ್ತಿ ಕುಗ್ಗಿರಬಹುದು ಅನ್ನುವ ಸೂಚನೆ. ತಕ್ಷಣ ವೈದ್ಯರಿಗೆ ತೋರಿಸಬೇಕು, ಅಷ್ಟೆ.

ಕೆಮ್ಮಣ್ಣು ಹಚ್ಚಿಸಿಕೊಂಡು ಕಾಯುವುದರಲ್ಲಿ ಆಗುವ ನಷ್ಟ ಸಮಯದ್ದು. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರುವಾದರೆ ಹೆಚ್ಚು ಪ್ರಯೋಜನ. ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ಉರಿನೋವು ಉಳಿಯುವುದು ಇದರ ದೊಡ್ಡ ಕಾಟ. ಸೀರೆ ಸೆರಗು ತಾಗಿದರೂ ತಡೆಯಲಾಗದ ನೋವು ಅದು. ಹಣೆ, ಕಣ್ಣು, ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ. 50 ದಾಟಿದವರಿಗೆ ಲಸಿಕೆ ಇದೆ. 2023ರಿಂದ ಭಾರತದಲ್ಲೂ ಸಿಗುತ್ತಿದೆ, ಆದರೆ ದುಬಾರಿ.

ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಆ ಪಟ್ಟಿಯಲ್ಲಿ ಉರಿ, ನೋವು ಬರುತ್ತದೆ. ಆಗ ಎದೆಯಲ್ಲಿದ್ದರೆ ಹೃದಯ, ಪಕ್ಕೆಯಲ್ಲಿದ್ದರೆ ಪಿತ್ತಕೋಶ ಅಂತ ಅನುಮಾನ ಬರುವುದು ಸಹಜ. ಒಳಗಿನ ಕಾಯಿಲೆ ಚರ್ಮದ ನೋವಿನ ವೇಷ ಹಾಕುವ ಹಾಗೆ, ಇಲ್ಲಿ ನರದ ಕಾಯಿಲೆ ಒಳಗಿನ ಅಂಗದ ವೇಷ ಹಾಕುತ್ತದೆ.

ಚರ್ಮದ ರಕ್ತನಾಳಗಳಿಗೂ ಬೆನ್ನುಹುರಿಗೂ ಏನು ಸಂಬಂಧ?

ಚರ್ಮದ ಸಣ್ಣ ರಕ್ತನಾಳಗಳು ಅಗಲವಾಗಬೇಕಾ, ಕಿರಿದಾಗಬೇಕಾ ಅಂತ ಹೇಳುವುದು ಸಿಂಪಥೆಟಿಕ್ ನರಗಳು. ಇವು ಬೆನ್ನುಹುರಿಯಿಂದ ಹೊರಡುವುದು ಎದೆಯ 1ನೇ ಮಟ್ಟದಿಂದ ಸೊಂಟದ 2ನೇ ಮಟ್ಟದವರೆಗೆ ಮಾತ್ರ. ಅಲ್ಲಿಂದ ತಲೆಯಿಂದ ಕಾಲಿನವರೆಗೆ ಹಂಚಿಹೋಗುತ್ತವೆ. 1850ರ ದಶಕದ ಶುರುವಿನಲ್ಲಿ ಪ್ಯಾರಿಸ್ಸಿನ ಕ್ಲಾಡ್ ಬೆರ್ನಾರ್ ಮೊಲದ ಕುತ್ತಿಗೆಯಲ್ಲಿ ಈ ನರ ಕತ್ತರಿಸಿದಾಗ ಆ ಕಡೆಯ ಕಿವಿ ಕೆಂಪಾಗಿ ಬೆಚ್ಚಗಾಯಿತು. ಕತ್ತರಿಸಿದ ತುದಿಗೆ ವಿದ್ಯುತ್ ಕೊಟ್ಟರೆ ಮತ್ತೆ ಬಿಳಿಚಿಕೊಂಡಿತು. ರಕ್ತನಾಳಕ್ಕೆ ನರದ ಹಿಡಿತ ಇದೆ ಅಂತ ಹೀಗೆ ತಿಳಿಯಿತು.

ಈ ಹಿಡಿತ ಎಷ್ಟು ದೊಡ್ಡದು ಅಂದರೆ, ಸುಮ್ನೆ ಕೂತಾಗ ಚರ್ಮದಲ್ಲಿ ನಿಮಿಷಕ್ಕೆ ಹೆಚ್ಚುಕಡಿಮೆ ಕಾಲು ಲೀಟರ್ ರಕ್ತ ಹರಿಯುತ್ತದೆ. ವಿಪರೀತ ಸೆಕೆಯಲ್ಲಿ ಅದು 6ರಿಂದ 8 ಲೀಟರ್‌ವರೆಗೂ ಏರಬಹುದು.

ಸಿಸೇರಿಯನ್ ಆದವರು ಇದನ್ನು ಮೈಯಲ್ಲೇ ಅನುಭವಿಸಿದ್ದಾರೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ ಪಾದ ಬೆಚ್ಚಗಾಗುತ್ತದೆ. ಆಮೇಲೆ ಬಿಪಿ ಇಳಿದು ತಲೆ ಸುತ್ತಿ ವಾಂತಿ ಬಂದ ಹಾಗಾಗುತ್ತದೆ. ಔಷಧ ಸಿಂಪಥೆಟಿಕ್ ನರಗಳನ್ನೂ ಮಲಗಿಸಿ, ರಕ್ತನಾಳಗಳು ಅಗಲವಾಗಿದ್ದೇ ಇದಕ್ಕೆ ಕಾರಣ. ಅರಿವಳಿಕೆ ವೈದ್ಯರು ಇದನ್ನು ಮೊದಲೇ ನಿರೀಕ್ಷಿಸಿ ಔಷಧ ಸಿದ್ಧ ಇಟ್ಟುಕೊಂಡಿರುತ್ತಾರೆ.

ಹಾರ್ಟ್ ಅಟ್ಯಾಕಿನಲ್ಲಿ ಬರುವ ತಣ್ಣನೆ ಬೆವರು, ಬಿಳಿಚಿದ ಮುಖಕ್ಕೂ ಇದೇ ನರಗಳು ಕಾರಣ. ದೇಹ ಅಪಾಯ ಅಂತ ತಿಳಿದು ಚರ್ಮದ ರಕ್ತವನ್ನು ಒಳಗೆ ಎಳೆದುಕೊಳ್ಳುತ್ತದೆ.

ಚಳಿಯಲ್ಲಿ ಬೆರಳು ಬೆಳ್ಳಗೆ ಸುಣ್ಣದ ಹಾಗೆ ಆಗುತ್ತದೆ. ಚಿಂತೆ ಮಾಡಬೇಕಾ?

ಮೊದಲು ಬಿಳಿ, ಆಮೇಲೆ ನೀಲಿ, ಬೆಚ್ಚಗಾದಾಗ ಕೆಂಪು. ಫ್ರಾನ್ಸಿನ ವೈದ್ಯ ಮೊರಿಸ್ ರೆನೋ 1862ರಲ್ಲಿ ಇದನ್ನು ವಿವರಿಸಿದ್ದರಿಂದ ಅವರ ಹೆಸರಿನಲ್ಲೇ ಕರೆಯುತ್ತಾರೆ. ಬಹಳಷ್ಟು ಜನರಲ್ಲಿ, ಅದರಲ್ಲೂ ಯುವತಿಯರಲ್ಲಿ, ಇದು ರಕ್ತನಾಳ ಜಾಸ್ತಿ ಬಿಗಿಯುವ ಸ್ವಭಾವ ಮಾತ್ರ. ಕೈಗವಸು, ಬೆಚ್ಚಗಿರುವುದು, ಬೀಡಿ ಸಿಗರೇಟು ಬಿಡುವುದು, ಇಷ್ಟೇ ಸಾಕಾಗುತ್ತದೆ. ಆದರೆ 30 ದಾಟಿದ ಮೇಲೆ ಹೊಸದಾಗಿ ಶುರುವಾದರೆ, ಬೆರಳ ತುದಿಯಲ್ಲಿ ಹುಣ್ಣಾದರೆ, ಚರ್ಮ ಬಿಗಿಯಾಗುತ್ತಾ ಬಂದರೆ ಸ್ಕ್ಲೆರೋಡರ್ಮಾ, ಲೂಪಸ್‌ನಂಥ, ರೋಗ ತಡೆಯುವ ಶಕ್ತಿ ನಮ್ಮ ಮೈ ಮೇಲೇ ತಿರುಗಿಬೀಳುವ ಒಳಗಿನ ಕಾಯಿಲೆ ಇರಬಹುದು. ಕೆಲವರಲ್ಲಿ ಬೆರಳು ಬಿಳಿಚಲು ಶುರುವಾಗಿ ವರ್ಷಗಳಾದ ಮೇಲೆ ಉಳಿದ ಲಕ್ಷಣಗಳು ಬರುತ್ತವೆ. ಬೆರಳಿನ ಬಣ್ಣ ಬದಲಾದಾಗ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಡಾಕ್ಟರ ಮುಂದೆ ಕೂತಾಗ ಬೆರಳು ಮಾಮೂಲಾಗಿರುತ್ತದೆ ಅಲ್ವಾ.

ಲಿವರ್, ಡೆಂಗಿಯಂಥ ಕಾಯಿಲೆಗಳು ಚರ್ಮದ ರಕ್ತನಾಳದಲ್ಲಿ ಕಾಣಿಸುತ್ತವಾ?

ಕಾಣಿಸುತ್ತವೆ. ಇದು ನರದ ದಾರಿಯಲ್ಲಿ ಬರುವುದಲ್ಲ, ರಕ್ತದ ದಾರಿಯಲ್ಲಿ ಬರುವುದು. ಲಿವರ್ ದೀರ್ಘಕಾಲ ಕೆಟ್ಟಾಗ ಹಾರ್ಮೋನುಗಳ ಲೆಕ್ಕ ತಪ್ಪುತ್ತದೆ. ಮುಖ, ಕುತ್ತಿಗೆ, ಎದೆಯ ಮೇಲೆ ಜೇಡದ ಕಾಲಿನ ಹಾಗೆ ಹರಡಿದ ಸಣ್ಣ ಕೆಂಪು ನಾಳಗಳು ಮೂಡುತ್ತವೆ. ನಡುವಿನ ಚುಕ್ಕೆ ಒತ್ತಿದರೆ ಮಾಯವಾಗಿ, ಬಿಟ್ಟರೆ ನಡುವಿನಿಂದ ಹೊರಕ್ಕೆ ತುಂಬುತ್ತವೆ. ಅಂಗೈ ಅಂಚು ಕೆಂಪಾಗುತ್ತದೆ. ಗರ್ಭಿಣಿಯರಲ್ಲಿ ಇವೆರಡೂ ಸಹಜವಾಗಿ ಬಂದು ಹೆರಿಗೆ ನಂತರ ಹೋಗುತ್ತವೆ. ಪುಸ್ತಕಗಳಲ್ಲಿರುವ ಚಿತ್ರಗಳು ಹೆಚ್ಚಾಗಿ ಬಿಳಿ ಚರ್ಮದವು. ನಮ್ಮ ಬಣ್ಣದ ಚರ್ಮದಲ್ಲಿ ಇವು ಅಷ್ಟು ಎದ್ದು ಕಾಣುವುದಿಲ್ಲ. ಅದಕ್ಕೇ ಅಂಗೈ, ಉಗುರು, ಕಣ್ಣಿನ ಕೆಳರೆಪ್ಪೆಯ ಒಳಭಾಗ ನೋಡುವುದು ಹೆಚ್ಚು ಉಪಯೋಗ.

ಡೆಂಗಿಯಲ್ಲಿ ಮೋಸ ಹೋಗುವುದು ಜ್ವರ ಇಳಿದಾಗ. ಜ್ವರ ಬಿಟ್ಟಿತು ಅಂತ ಮನೆಯವರು ನಿರಾಳರಾಗುತ್ತಾರೆ. ಆ ಹೊತ್ತಿಗೇ ಕೆಲವರಲ್ಲಿ ಸಣ್ಣ ರಕ್ತನಾಳಗಳಿಂದ ನೀರಿನಂಶ ಸೋರತೊಡಗುತ್ತದೆ. ಕೈಕಾಲು ತಣ್ಣಗಾಗುತ್ತವೆ. ಮಗುವಿನ ಉಗುರು ಐದು ಸೆಕೆಂಡ್ ಒತ್ತಿ ಬಿಡಿ. 2 ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ಬರದಿದ್ದರೆ, ಜೊತೆಗೆ ಹೊಟ್ಟೆನೋವು, ಬಿಡದ ವಾಂತಿ, ಮಂಪರು ಇದ್ದರೆ ಆಸ್ಪತ್ರೆಗೆ ಓಡಿ. ಪ್ಲೇಟ್ಲೆಟ್ ರಿಪೋರ್ಟಿಗೆ ಕಾಯಬೇಡಿ.

ಸಕ್ಕರೆ ಕಾಯಿಲೆ ಇದ್ದವರಿಗೆ ಈ ನಕ್ಷೆ ಕೆಲಸ ಮಾಡುತ್ತದಾ?

ಪೂರ್ತಿ ನಂಬುವ ಹಾಗಿಲ್ಲ. ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಸುದ್ದಿ ತರುವ ಎಳೆಗಳೇ ಸವೆಯುತ್ತವೆ. ಎದೆನೋವೇ ಇಲ್ಲದೆ ಹಾರ್ಟ್ ಅಟ್ಯಾಕ್ ಆಗಬಹುದು. ಕಾರಣ ಗೊತ್ತಾಗದ ಸುಸ್ತು, ಏದುಸಿರು, ಬೆವರು, ವಾಂತಿ ಮಾತ್ರ ಇರಬಹುದು. ವಯಸ್ಸಾದವರಲ್ಲಿ, ಹೆಂಗಸರಲ್ಲೂ ಹೀಗಾಗುವುದುಂಟು. ಪಾದ ಒಣಗಿ ಹಿಮ್ಮಡಿ ಒಡೆಯುವುದಕ್ಕೂ ಬೆವರಿನ ನರ ಸತ್ತಿರುವುದು ಕಾರಣ ಇರಬಹುದು. ದಿನಾ ರಾತ್ರಿ ಪಾದ ನೋಡಿಕೊಳ್ಳಿ.

ಶಾಖ ಕೊಟ್ಟರೆ ಒಳಗಿನ ನೋವು ಕಡಿಮೆ ಆಗುತ್ತದಲ್ಲ, ಅದು ಹೇಗೆ? ಬರೆ ಹಾಕಿದರೂ ಹಾಗೆಯೇನಾ?

ಮುಟ್ಟಿನ ನೋವಿಗೆ ಹೊಟ್ಟೆ ಮೇಲೆ ಬಿಸಿನೀರಿನ ಬ್ಯಾಗ್ ಇಟ್ಟರೆ ನಿಜವಾಗಿಯೂ ಹಾಯೆನಿಸುತ್ತದೆ. ಗರ್ಭಕೋಶ ಮತ್ತು ಕೆಳಹೊಟ್ಟೆಯ ಚರ್ಮ ಬೆನ್ನುಹುರಿಯ ಒಂದೇ ಮಟ್ಟಗಳಿಗೆ ಸೇರುತ್ತವೆ. ಅಲ್ಲಿ ಚರ್ಮದ ಹಿತವಾದ ಸುದ್ದಿ ಒಳಗಿನ ನೋವಿನ ಸುದ್ದಿಯನ್ನು ಸ್ವಲ್ಪ ತಡೆಯುತ್ತದೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಅನ್ನುವ ವಿಜ್ಞಾನಿಗಳು ಹೇಳಿದ್ದು ಇಂಥ ತಡೆಯ ಬಗ್ಗೆಯೇ. ನೋವು ತಿಳಿಯುವುದು ಕಡಿಮೆಯಾಗುತ್ತದೆ, ಕಾಯಿಲೆ ಕಡಿಮೆಯಾಗುವುದಿಲ್ಲ. ಕಾರಣ ಗೊತ್ತಿಲ್ಲದ ಹೊಟ್ಟೆನೋವಿಗೆ ಶಾಖ ಕೊಡುತ್ತಾ ಕಾಲ ಕಳೆಯಬೇಡಿ. ದಿನಾ ಬಹಳ ಬಿಸಿ ಇಟ್ಟರೆ ಚರ್ಮದ ಮೇಲೆ ಬಲೆಯಂಥ ಕಂದು ಗೆರೆಗಳು ಮೂಡುತ್ತವೆ, ಅದೂ ಒಳ್ಳೆಯದಲ್ಲ.

ಬರೆ ಬೇರೆಯೇ ವಿಷಯ. ಕಾಮಾಲೆಗೆ, ಹಸುಗೂಸಿನ ಹೊಟ್ಟೆ ಉಬ್ಬರಕ್ಕೆ ಕಾದ ಕಬ್ಬಿಣದಿಂದ, ಬಳೆ ಚೂರಿನಿಂದ ಸುಡುವುದು ಇನ್ನೂ ಅಲ್ಲಲ್ಲಿ ಉಳಿದಿದೆ. ಇದರಿಂದ ಲಿವರ್‌ಗೆ ಏನೂ ಆಗುವುದಿಲ್ಲ. ಆಗುವುದು ಸುಟ್ಟ ಗಾಯ, ಕೀವು, ಕೆಲವು ಕೂಸುಗಳಲ್ಲಿ ರಕ್ತಕ್ಕೇ ಹರಡುವ ಸೋಂಕು. ಮಾಡುವವರು ಪ್ರೀತಿಯಿಂದ, ಹೆದರಿ ಮಾಡುತ್ತಾರೆ, ನನಗೆ ಗೊತ್ತು. ಆದರೂ ಮಾಡಬಾರದು. ಅಜ್ಜಿಯೇ ಹೇಳಿದರೂ ಬೇಡ ಅನ್ನಿ.

ಬೆನ್ನುಮೂಳೆ ಲಟಕ್ ಅನಿಸಿ ಸರಿ ಮಾಡಿದರೆ ಒಳಗಿನ ಕಾಯಿಲೆ ವಾಸಿಯಾಗುತ್ತದೆ ಅನ್ನುವ ವಿಡಿಯೋಗಳನ್ನು ನಂಬಬಹುದಾ?

ಬೇಡ. ಈ ವಾದ ಹಳೆಯದು. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್ ಊರಿನ ಡಿ. ಡಿ. ಪಾಮರ್ ಒಬ್ಬರ ಬೆನ್ನುಮೂಳೆ ಒತ್ತಿ ಕಿವುಡು ವಾಸಿ ಮಾಡಿದೆ ಅಂತ ಹೇಳಿಕೊಂಡು ಕೈರೋಪ್ರಾಕ್ಟಿಕ್ ಅನ್ನುವ ಬೆನ್ನುಮೂಳೆ ಒತ್ತುವ ಪದ್ಧತಿ ಶುರುಮಾಡಿದರು. ಆದರೆ ಕೇಳುವ ನರ ಕಿವಿಯಿಂದ ನೇರವಾಗಿ ಮಿದುಳಿಗೆ ಹೋಗುತ್ತದೆ. ಬೆನ್ನುಮೂಳೆಯ ದಾರಿ ಹಿಡಿಯುವುದೇ ಇಲ್ಲ.

ಒಳಗಿನಿಂದ ಹೊರಗೆ ಸುದ್ದಿ ಬರುವ ದಾರಿ ಇದೆ ಅಂದರೆ, ಅದೇ ದಾರಿಯಲ್ಲಿ ಹೊರಗಿನಿಂದ ಒಳಗಿನ ಕಾಯಿಲೆ ಓಡಿಸಬಹುದು ಅಂತ ಆಗುವುದಿಲ್ಲ. ಈ ಪುಟದಲ್ಲಿ ನಾನು ಹೇಳಬೇಕು ಅಂತ ಹೊರಟ ಮಾತು ಇದೇ. ಬೆನ್ನು ಒತ್ತಿದರೆ ಸ್ನಾಯು ಸಡಿಲಾಗಿ ಬೆನ್ನುನೋವು ಸ್ವಲ್ಪ ಇಳಿಯಬಹುದು. ಪಿತ್ತಕೋಶದ ಕಲ್ಲು ಕರಗುವುದಿಲ್ಲ, ಮುಚ್ಚಿದ ಹೃದಯದ ನಾಳ ತೆರೆಯುವುದಿಲ್ಲ. ಕುತ್ತಿಗೆಯನ್ನು ರಭಸದಿಂದ ತಿರುಗಿಸಿದಾಗ ಮಿದುಳಿಗೆ ಹೋಗುವ ರಕ್ತನಾಳ ಒಳಗೇ ಸೀಳಿ ಪಾರ್ಶ್ವವಾಯು ಆದ ಉದಾಹರಣೆಗಳಿವೆ. ಕ್ಷೌರದ ಅಂಗಡಿಯಲ್ಲಿ ಕುತ್ತಿಗೆ ಲಟಕ್ ಅನಿಸುವುದಕ್ಕೂ ಈ ಮಾತು ಅನ್ವಯಿಸುತ್ತದೆ.

ಬೆನ್ನುಮೂಳೆಯದೇ ಕಾಯಿಲೆ ಒಳಗಿನ ಅಂಗದ ನೋವಿನಂತೆ ಕಾಣಬಹುದಾ?

ಖಂಡಿತ. ಬೆನ್ನುಮೂಳೆಯ ಕ್ಷಯದಲ್ಲಿ ನೋವು ಎದೆ ಅಥವಾ ಹೊಟ್ಟೆಯ ಸುತ್ತ ಪಟ್ಟಿ ಕಟ್ಟಿದ ಹಾಗೆ ಬರುತ್ತದೆ. ಮಕ್ಕಳು ಹೊಟ್ಟೆನೋವು ಅಂತಲೇ ಹೇಳುತ್ತಾರೆ. ಹೊಟ್ಟೆಯ ಸ್ಕ್ಯಾನ್ ಎಲ್ಲ ಸರಿ, ಆದರೆ ನೋವು ಹೋಗುತ್ತಿಲ್ಲ, ಸಂಜೆ ಜ್ವರ, ತೂಕ ಇಳಿಯುತ್ತಿದೆ ಅಂದರೆ ಬೆನ್ನನ್ನೂ ನೋಡಲು ಕೇಳಿ. ಮಲಗಿ ತಲೆ ಎತ್ತಿ ಹೊಟ್ಟೆ ಬಿಗಿ ಮಾಡಿದಾಗ ನೋವು ಹೆಚ್ಚಿದರೆ ಅದು ಅಂಗದ್ದಕ್ಕಿಂತ ಹೊಟ್ಟೆಯ ಗೋಡೆಯ ನೋವಾಗಿರುವ ಸಂಭವ ಹೆಚ್ಚು. ವೈದ್ಯರು ಹೀಗೆ ಪರೀಕ್ಷಿಸುವುದನ್ನು ನೀವು ನೋಡಿರಬಹುದು.

ಸೊಂಟನೋವಿನ ಜೊತೆ ಕೂರುವ ಜಾಗ ಮರಗಟ್ಟಿದರೆ, ಮೂತ್ರ ಬರದಿದ್ದರೆ ಅಥವಾ ತಡೆಯಲಾಗದಿದ್ದರೆ ಅದು ತುರ್ತು. ಅವತ್ತೇ ಹೋಗಬೇಕು.

ಬೆನ್ನುಹುರಿಗೆ ಪೆಟ್ಟಾದ ನಮ್ಮಣ್ಣನಿಗೆ ಆಗಾಗ ಮುಖ ಕೆಂಪಾಗಿ ತಲೆ ಸಿಡಿಯುತ್ತದೆ. ಯಾಕೆ?

ಈ ಪುಟದಲ್ಲಿ ಹೇಳಿದ್ದೆಲ್ಲ ಒಟ್ಟಿಗೆ ಸೇರುವ ಜಾಗ ಇದು. ಎದೆಯ 6ನೇ ಮಟ್ಟ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿ ಕಡಿದವರಿಗೆ ಹೀಗಾಗಬಹುದು. ಮೂತ್ರಕೋಶ ತುಂಬಿ ಉಬ್ಬಿದರೆ ಅವರಿಗೆ ಗೊತ್ತಾಗುವುದಿಲ್ಲ. ಆದರೆ ಆ ಸುದ್ದಿ ಪೆಟ್ಟಾದ ಜಾಗದ ಕೆಳಗಿನ ಬೆನ್ನುಹುರಿಗೆ ಮುಟ್ಟಿ, ಅಲ್ಲಿನ ಸಿಂಪಥೆಟಿಕ್ ನರಗಳು ರಕ್ತನಾಳಗಳನ್ನೆಲ್ಲ ಬಿಗಿಯುತ್ತವೆ. ಬಿಪಿ ಒಮ್ಮೆಗೇ ಏರುತ್ತದೆ. ಸಾಕು ನಿಲ್ಲಿಸು ಅನ್ನುವ ಮಿದುಳಿನ ಆಜ್ಞೆ ಪೆಟ್ಟಾದ ಜಾಗ ದಾಟಿ ಕೆಳಗೆ ಬರುವುದಿಲ್ಲ. ಹೀಗಾಗಿ ಪೆಟ್ಟಿನ ಮೇಲೆ ಮುಖ, ಕುತ್ತಿಗೆ ಕೆಂಪು, ಬೆವರು. ಕೆಳಗೆ ಚರ್ಮ ಬಿಳಿಚಿ ತಣ್ಣಗೆ. ಜೊತೆಗೆ ತಲೆ ಸಿಡಿತ.

ತಕ್ಷಣ ಅಣ್ಣನನ್ನು ನೇರವಾಗಿ ಕೂರಿಸಿ, ಕಾಲು ಕೆಳಗೆ ಬಿಡಿಸಿ. ಮಲಗಿಸಬೇಡಿ. ಬೆಲ್ಟು, ಬಿಗಿ ಬಟ್ಟೆ, ಶೂ ಸಡಿಲಿಸಿ. ಕ್ಯಾತಿಟರ್ (ಮೂತ್ರದ ಕೊಳವೆ) ಮಡಿಚಿಕೊಂಡಿದೆಯಾ, ಕಟ್ಟಿಕೊಂಡಿದೆಯಾ, ಚೀಲ ತುಂಬಿದೆಯಾ ನೋಡಿ. ಅದು ಸರಿಯಿದ್ದರೆ ಮಲಬದ್ಧತೆ, ಹಾಸಿಗೆ ಹುಣ್ಣು, ಉಗುರು ಸುತ್ತು ಕಾರಣವಾಗಿರಬಹುದು. ಬಿಪಿ ನೋಡುವ ಯಂತ್ರ ಮನೆಯಲ್ಲಿಟ್ಟುಕೊಳ್ಳಿ. ಇಂಥ ಪೆಟ್ಟಾದವರಿಗೆ ಮಾಮೂಲಿ ಬಿಪಿ ಕಡಿಮೆ ಇರುವುದರಿಂದ, ಮೇಲಿನ ಅಂಕಿ ಅವರ ಮಾಮೂಲಿಗಿಂತ 20ರಿಂದ 40 ಹೆಚ್ಚಾದರೂ ಅದು ಏರಿದಂತೆಯೇ ಲೆಕ್ಕ. ಕಾರಣ ತೆಗೆದರೂ ಇಳಿಯದಿದ್ದರೆ 108ಕ್ಕೆ ಕರೆ ಮಾಡಿ. ಎದೆಯ 6ನೇ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾಗಿದೆ ಅನ್ನುವುದನ್ನು ಆಂಬುಲೆನ್ಸಿನವರಿಗೂ ಆಸ್ಪತ್ರೆಯವರಿಗೂ ಮೊದಲ ಮಾತಿನಲ್ಲೇ ಹೇಳಿ, ಒಂದು ಚೀಟಿಯಲ್ಲಿ ಬರೆದು ಗಾಲಿಕುರ್ಚಿಗೆ ಕಟ್ಟಿಡಿ.